ಬೇರಿನ ಕೆಂಪು

ಯುದ್ಧ ಶುರುವಾದ ಸುದ್ದಿ ಆಳಂದಕ್ಕೆ ಯಾವಾಗ ಬಂತೋ ನನಗೆ ನೆನಪಿಲ್ಲ. ಕೆಂಪು ಬಣ್ಣದ ಡಬ್ಬಿ ಸಿಗದೆ ಸೊಲ್ಲಾಪುರದಿಂದ ಬರಿಗೈಲಿ ವಾಪಸು ಬಂದ ದಿನ ಮಾತ್ರ ಚೆನ್ನಾಗಿ ನೆನಪಿದೆ. ಅಂಗಡಿಯವನು ಗೋಡೆಯ ಖಾಲಿ ಗೂಡು ತೋರಿಸಿ, "ಜರ್ಮನಿ ಮಾಲು ಅದು. ಅವರ ಜೋಡಿನ ಲಡಾಯಿ ನಡದದ. ಹಡಗ ಹ್ಯಾಂಗ ಬರ್ತಾವ?" ಅಂದ. ನಾನು ಅಷ್ಟು ವರ್ಷ ಆ ಡಬ್ಬಿ ಬಳಸಿದ್ದೆ. ಅದು ಎಲ್ಲಿಂದ ಬರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ನಾವು ರಂಗರೇಜರು, ನೂಲಿಗೆ ಬಣ್ಣ ಹಾಕುವವರು. ಸಾವಕಾರರು ಗಿರಣಿಯ ಬಿಳಿ ನೂಲು ತರಿಸಿ ನಮ್ಮ ಮನೆಗೆ ಕಳಿಸುತ್ತಿದ್ದರು. ನಾನು ಬಣ್ಣ ಹಾಕಿ, ಒಣಗಿಸಿ, ಲಡಿ ಕಟ್ಟಿ ನೇಕಾರರ ಓಣಿಗೆ ಮುಟ್ಟಿಸುತ್ತಿದ್ದೆ. ಓಣಿಯವರು ನೇಯ್ದ ಸೀರೆ ಮತ್ತೆ ಸಾವಕಾರರ ಅಂಗಡಿಯ ಗಾದಿಗೆ ಹೋಗುತ್ತಿತ್ತು. ಸೀರೆಯ ಒಡಲು ಯಾವ ಬಣ್ಣದ್ದಾದರೂ ಇರಲಿ, ದಡಿ ಮತ್ತು ಸೆರಗು ಕೆಂಪೇ ಆಗಬೇಕು. ನಮ್ಮ ಸೀಮೆಯಲ್ಲಿ ಕೆಂಪು ಸೆರಗಿಲ್ಲದ ಸೀರೆಯನ್ನು ಮದುವೆಗೆ ಯಾರೂ ಕೊಳ್ಳುವುದಿಲ್ಲ. ಹೀಗಾಗಿ ಆ ಒಂದು ಡಬ್ಬಿ ನಿಂತಿದ್ದಕ್ಕೆ ಇಡೀ ಓಣಿಯ ಮಗ್ಗ ನಿಲ್ಲುವ ಹಾಗಾಯಿತು.

ಕೆಲವು ವಾರದ ಮೇಲೆ ಒಬ್ಬ ದಲಾಲ ಕಾಗದದ ಪುಡಿಕೆಯಲ್ಲಿ ಕೆಂಪು ಪುಡಿ ತಂದ. ನೋಡಲು ಡಬ್ಬಿಯ ಬಣ್ಣದ ಹಾಗೇ ಇತ್ತು. ಒಂದು ಲಡಿ ಅದ್ದಿ ಒಣಗಿಸಿದೆ, ಚೆನ್ನಾಗಿಯೇ ಹಿಡಿಯಿತು. ಉಳಿದ ನೂಲಿಗೂ ಅದನ್ನೇ ಹಾಕಿ ನೇಕಾರಣ್ಣನಿಗೆ ಕೊಟ್ಟೆ. ಈ ನೇಕಾರಣ್ಣ ನನಗಿಂತ ನಾಲ್ಕಾರು ವರ್ಷ ದೊಡ್ಡವನು, ಓಣಿಯಲ್ಲಿ ಸೆರಗು ನೇಯುವುದರಲ್ಲಿ ಅವನದೇ ಮೇಲುಗೈ. ಮುಂದೆ ಒಂದು ದಿನ ಅವನು ಒಂದು ಸೀರೆಯನ್ನು ಮಡಿಚಿ ತೋಳ ಮೇಲೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದ.

"ತಮ್ಮಾ, ಇದನ್ನೊಂದಿಷ್ಟು ನೋಡು," ಅಂದ.

ಒಂದೇ ನೀರಿಗೆ ಸೆರಗಿನ ಕೆಂಪೆಲ್ಲ ಹರಿದು ಹಸಿರು ಒಡಲಿನ ಮೇಲೆ ಕೆಸರಿನ ಹಾಗೆ ಕೂತಿತ್ತು. ಪುಡಿಯಲ್ಲಿ ಬಣ್ಣಕ್ಕಿಂತ ಉಪ್ಪೇ ಹೆಚ್ಚಿತ್ತು. ಕೊಂಡವರು ಸೀರೆ ತಿರುಗಿ ತಂದಿದ್ದರು, ಸಾವಕಾರರು ಅದನ್ನು ನೇಕಾರಣ್ಣನಿಗೇ ಹಿಂದಕ್ಕೆ ಕೊಟ್ಟಿದ್ದರು. ಅವನು ನನಗೆ ಬಯ್ಯಲಿಲ್ಲ. ಆ ಸೀರೆಯ ನೆರಿಗೆ ಸರಿ ಮಾಡಿ ಮತ್ತೆ ಮಡಿಚಿಕೊಂಡು ಹೋದ.

ಒಳಗಿನಿಂದ ಫುಪ್ಪು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಫುಪ್ಪು ಎಂದರೆ ನನ್ನ ಅಬ್ಬಾನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದವಳು ನಮ್ಮ ಮನೆಯಲ್ಲೇ ಮುದುಕಿಯಾಗಿದ್ದಳು. ಮನೆಯಲ್ಲಿ ನಮ್ಮದು ಉರ್ದು ಮಾತು. ಆಕೆ ಆಡಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಬೇರಿನ ಕೆಂಪಿನ ಸೀರಿ ನಾ ವರ್ಷಗಟ್ಟಲೆ ಉಟ್ಟು ಒಗದೇನಿ ಬೇಟಾ. ಒಗದ ನೀರು ತಿಳೀನ ಇರ್ತಿತ್ತು."

"ಅದು ನಿನಗ ಬರ್ತದೇನು?"

"ನಾನ ಅಲ್ಲೇನು ಮಾಡ್ತಿದ್ದದ್ದು," ಅಂದಳು.

ನನಗೆ ತಿಳಿವು ಬರುವ ಹೊತ್ತಿಗೆ ಮನೆಗೆ ಡಬ್ಬಿ ಬಂದಾಗಿತ್ತು. ಅದಕ್ಕೂ ಮುಂಚೆ ಅಬ್ಬಾ ಸುರಂಜಿ ಗಿಡದ ಬೇರಿನಿಂದ ಕೆಂಪು ತೆಗೆಯುತ್ತಿದ್ದರಂತೆ. ಬೇರಿನ ಕೆಲಸಕ್ಕೆ ಒಂದು ತಿಂಗಳಿನ ಮೇಲೆ ಬೇಕು, ಡಬ್ಬಿಯ ಕೆಲಸ ಒಂದು ಮುಂಜಾನೆಗೆ ಮುಗಿಯುತ್ತದೆ. ಡಬ್ಬಿ ಬಂದ ಮೇಲೆ ಬೇರನ್ನು ಕೇಳುವವರಿಲ್ಲದೆ ರೈತರು ಸುರಂಜಿ ಹೊಲಗಳನ್ನು ಅಗೆದು ಹಾಕಿದರು. ಫುಪ್ಪುವಿನ ಕೆಲಸವೂ ಅವತ್ತಿಗೇ ಮುಗಿದಿತ್ತು. ಆಕೆ ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ, ನಾವು ಕೇಳಿಯೂ ಇರಲಿಲ್ಲ.

ಬೇರು ಹುಡುಕುವುದೇ ಮೊದಲ ಕಷ್ಟ. ಸುತ್ತಿನ ಹಳ್ಳಿ ತಿರುಗಿದೆ. ಹರೆಯದವರಿಗೆ ಸುರಂಜಿ ಎಂಬ ಹೆಸರೇ ಗೊತ್ತಿರಲಿಲ್ಲ. ಕೊನೆಗೆ ಮಾದನಹಿಪ್ಪರಗಾದಲ್ಲಿ ಒಬ್ಬ ರೈತ ತನ್ನ ಹೊಲದ ಒಡ್ಡಿಗೆ ಕರೆದುಕೊಂಡು ಹೋಗಿ ಸಾಲಾಗಿ ನಿಂತ ಕುಳ್ಳ ಗಿಡ ತೋರಿಸಿದ.

"ಇವು ನಮ್ಮ ಮುತ್ಯಾ ಹಚ್ಚಿದ್ವು. ಯಾರೂ ಕೇಳವಲ್ರು ಅಂತ ನಮ್ಮಪ್ಪ ಹೊಲದಾಗಿಂದು ಕಿತ್ತು ತೊಗರಿ ಹಾಕಿದ. ಒಡ್ಡಿನ್ಯಾಗಿಂದು ಹಾಂಗ ಚಿಗಿಕೋತ ಬಂದದ. ಬೇಕಾದ್ರ ಕೀಳ್ರಿ. ಆದ್ರ ತಗ್ಗು ಮುಚ್ಚಿ ಹೋಗ್ರಿ, ಎತ್ತಿನ ಕಾಲು ಮುರೀತದ."

ಬೇಸಿಗೆಯ ಕರಿನೆಲ ಕಲ್ಲಾಗಿತ್ತು. ಹಾರೆ ಹಾಕಿದರೆ ಹೆಂಟೆ ಹೆಂಟೆಯಾಗಿ ಏಳುತ್ತಿತ್ತು. ಸೊಂಟದ ಆಳಕ್ಕೆ ಇಳಿದ ಮೇಲೆ ಬೇಕಾದ ಬೇರು ಸಿಕ್ಕಿತು. ಫುಪ್ಪು ಮೊದಲೇ ಹೇಳಿ ಕಳಿಸಿದ್ದಳು, ದಪ್ಪ ಬೇರು ಉರವಲಿಗೆ ಮಾತ್ರ, ಬಣ್ಣ ಇರುವುದು ಕಿರುಬೆರಳಿಗಿಂತ ತೆಳ್ಳಗಿದ್ದುದರಲ್ಲಿ. ಮನೆಗೆ ತಂದ ಕೂಡಲೆ ಒಂದು ಎಳೆ ಮುರಿದಳು. ಒಳಗೆ ಅರಿಶಿಣದಂಥ ಹಳದಿ. ಎಲೆಯಡಿಕೆ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಅದಕ್ಕೆ ತಿಕ್ಕಿದಳು. ಹಳದಿ ನೋಡನೋಡುತ್ತ ಕೆಂಪಾಯಿತು. ಬಹಳ ದಿನದ ಮೇಲೆ ಊರಿಗೆ ಬಂದ ನೆಂಟರನ್ನು ನೋಡುವ ಹಾಗೆ ಆಕೆ ಆ ಬೆರಳನ್ನು ನೋಡುತ್ತ ಕೂತಳು.

ಬೇರನ್ನು ಒಣಗಿಸಿ ಕುಟ್ಟಿ ಪುಡಿ ಮಾಡಿಟ್ಟೆವು. ಆದರೆ ಅದರ ಸರದಿ ಕಡೆಗೆ. ಮೊದಲು ನೂಲಿಗೆ ಎಣ್ಣೆ ಕುಡಿಸಬೇಕು. ಔಡಲೆಣ್ಣೆ, ಕುರಿ ಹಿಕ್ಕೆ ಕದಡಿದ ನೀರು, ಸೌಳು ಮಣ್ಣಿನ ತಿಳಿ, ಮೂರನ್ನೂ ಕೂಡಿಸಿ ಹಾಲಿನ ಹಾಗೆ ಆಗುವವರೆಗೆ ಕಡೆಯಬೇಕು. ಎಣ್ಣೆ ಮೇಲೆ ತೇಲಿದರೆ ಕೆಟ್ಟಿತು. ಸೌಳು ನಮ್ಮ ಕಡೆ ಒಳ್ಳೆಯದು ಸಿಗಲಿಲ್ಲ. ಅಫಜಲಪುರದ ಕಡೆ ಭೀಮಾ ದಂಡೆಯ ಹೊಲಗಳಲ್ಲಿ ಬೇಸಿಗೆಗೆ ಬೆಳ್ಳಗೆ ಉಬ್ಬುವ ಮಣ್ಣನ್ನು ಕರಜಗಿಯ ಒಬ್ಬ ಗಾಡಿಯವನು ಚೀಲ ತುಂಬಿ ತಂದುಕೊಟ್ಟ. ಮುಂಜಾನೆ ಲಡಿಗಳನ್ನು ಆ ಹಾಲಿನಲ್ಲಿ ನಾದಿ ಹಿಂಡುವುದು, ಬಿಸಿಲಿಗೆ ಹರಡುವುದು, ಸಂಜೆ ತೆಗೆದು ಮುಚ್ಚಿಡುವುದು, ಮರುದಿನ ಮತ್ತೆ ಅದೇ. ಮೋಡ ಬಂದ ದಿನ ಕೆಲಸ ನಿಲ್ಲಿಸಬೇಕು. ಮನೆ ತುಂಬ ಕುರಿಹಟ್ಟಿಯ ವಾಸನೆ. ನೆರೆಯವರು ಮೂಗು ಮುಚ್ಚಿಕೊಂಡು ಹಾಯುತ್ತಿದ್ದರು. ಫುಪ್ಪುವಿಗೆ ಮಾತ್ರ ಹುರುಪು ಬಂದಿತ್ತು. ನನ್ನ ಹೆಂಡತಿಗೆ ನಾದುವುದನ್ನು ಹೇಳಿಕೊಡುತ್ತ ಬೆಳಗಿನಿಂದ ಅಂಗಳದಲ್ಲೇ ಇರುತ್ತಿದ್ದಳು.

ಎಣ್ಣೆಯ ದಿನ ಮುಗಿದ ಮೇಲೆ ನೂಲನ್ನು ತೊಳೆದು, ಬಣ್ಣ ಕಚ್ಚಲೆಂದು ಪಟಕದ ನೀರಿನಲ್ಲಿ ನೆನೆಹಾಕಿ, ಹಿತ್ತಲಲ್ಲಿ ಅಬ್ಬಾನ ಕಾಲದ ತಾಮ್ರದ ಹಂಡೆ ಏರಿಸಿದೆ. ಬೇರಿನ ಪುಡಿ ಹಾಕಿ ಕುದಿಸಿ ಲಡಿ ಇಳಿಬಿಟ್ಟೆ. ಮೇಲೆತ್ತಿದಾಗ ತುಕ್ಕು ಹಿಡಿದ ಕಬ್ಬಿಣದ ಬಣ್ಣ ಬಂದಿತ್ತು. ಇನ್ನಷ್ಟು ಪುಡಿ ಹಾಕಿ ಮತ್ತೆ ಕುದಿಸಿದೆ. ಇನ್ನಷ್ಟು ಕಂದು ಬಣ್ಣವಾಯಿತು.

ಫುಪ್ಪು ಲಡಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಎಲ್ಲಿ ತಪ್ಪಿತು?" ಎಂದು ಕೇಳಿದೆ.

"ನನಗೇನು ಗೊತ್ತು? ಹಿತ್ತಲದಾಗ ಗಂಡಸರು ಇರ್ತಿದ್ರು, ನಾ ಯಾವಾಗ ಕಾಲಿಟ್ಟೇನಿ? ಎಣ್ಣಿ ನಂದು, ಹಂಡೆ ನಿಮ್ಮ ಅಬ್ಬಾಂದು. ಲಡಿ ತಯಾರು ಮಾಡಿ ನಡುಗೋಡಿ ಮ್ಯಾಲ ಇಡ್ತಿದ್ದೆ. ಆ ಕಡಿಂದ ತಗೋತಿದ್ರು. ತಿರುಗಿ ಬರೂಮುಂದ ಕೆಂಪಾಗಿ ಬರ್ತಿದ್ವು."

ಆಕೆಗೆ ಗೊತ್ತಿದ್ದುದು ಅರ್ಧ ಕೆಲಸ. ಉಳಿದ ಅರ್ಧ ಅಬ್ಬಾನ ಜತೆ ಮಣ್ಣಿಗೆ ಹೋಗಿತ್ತು. ಒಂದೇ ಮನೆಯಲ್ಲಿ ಒಂದು ಗೋಡೆಯ ಆಚೆ ಈಚೆ ಅಷ್ಟು ವರ್ಷ ದುಡಿದರೂ ಆಚೆಯದು ಈಚೆಯವರಿಗೆ ಗೊತ್ತಿರಲಿಲ್ಲ. ಫುಪ್ಪು ಆ ದಿನ ಉಣ್ಣಲಿಲ್ಲ. ಮರುದಿನ ತಾನಾಗಿಯೇ ಹೇಳಿದಳು, "ಭಟ್ಟಿ ಕಾಯಲಿಕ್ಕ ಒಬ್ಬಾಂವ ಇದ್ದ. ನಿಮ್ಮ ಅಬ್ಬಾನ ವಾರಗಿಯಾಂವ. ಬದುಕ್ಯಾನೋ ಇಲ್ಲೋ. ಜೇವರ್ಗಿ ಕಡೆ ಹೋದ ಅಂತ ಕೇಳಿದ್ದೆ."

ನಾನು ಮೋಟಾರಿನಲ್ಲಿ ಕಲಬುರಗಿಗೆ ಹೋಗಿ, ಅಲ್ಲಿಂದ ಭೀಮಾ ದಾಟಿ ಜೇವರ್ಗಿ ಸೇರಿದೆ. ವಿಚಾರಿಸುತ್ತ ಹೋದಾಗ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಸಿಕ್ಕ. ಅರಳೆಯ ದೂಳು ತಲೆ, ಹುಬ್ಬು, ಮೀಸೆಯ ಮೇಲೆಲ್ಲ ಕೂತು ಮನುಷ್ಯ ಪೂರಾ ಬೆಳ್ಳಗಿದ್ದ. ಕೈಯಲ್ಲಿ ಕಸಬರಿಗೆ ಇತ್ತು. ನಾನು ಇಂಥವರ ಮಗ ಎಂದು ಹೇಳಿದೆ. ನನ್ನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದುಕೊಂಡು ಬಂದ.

"ಅಲ್ಲಿ ಬಿಟ್ಟ ಮ್ಯಾಲ ಇಲ್ಲಿ ಬಾಯ್ಲರಿಗೆ ಕಟ್ಟಿಗಿ ಹಾಕ್ತಿದ್ದೆ," ಅಂದ. "ಬೆಂಕಿ ಕಾಯೋದೊಂದು ನನಗ ಬರ್ತಿತ್ತು. ಹೋದ ವರ್ಷ ಮಾಲಕರು ಎಣ್ಣಿ ಇಂಜಿನ್ ತಂದ್ರು. ಅದಕ್ಕ ಕಟ್ಟಿಗಿ ಬ್ಯಾಡ. ಈಗ ಕಸಾ ಹೊಡಿಯಾಕತ್ತೇನಿ."

ಮಾತಿನ ನಡುವೆ ಕೆಮ್ಮು ಬಂತು. ಕೆಮ್ಮು ಮುಗಿಯುವವರೆಗೆ ಕಾದು ತುಕ್ಕು ಬಣ್ಣದ ಲಡಿ ತೆಗೆದು ಕೊಟ್ಟೆ. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ.

"ಎಣ್ಣಿ ಛಲೋ ಕುಡದದ. ಇದು ನಿಮ್ಮ ಫುಪ್ಪು ಅಮ್ಮಾರ ಕೈಯೇ. ಪುಡಿ ತೊಳದಿದ್ದೇನು?"

"ಪುಡಿ ಯಾಕ ತೊಳೀಬೇಕು ಕಾಕಾ?"

"ಬೇರಿನ್ಯಾಗ ಎರಡು ಬಣ್ಣ ಇರ್ತಾವ ತಮ್ಮಾ. ಹಳದಿ ಹಗುರದ್ದು, ತಣ್ಣೀರಿಗೇ ಬಿಡ್ತದ. ಅದನ್ನ ಮದಲ ಚೆಲ್ಲಬೇಕು. ಆಮ್ಯಾಲ ನೀ ಕುದಿಸಿದಿ. ಕುದಿಸಬಾರದು. ಮುಂಜಾನಿ ತಣ್ಣನ್ನ ನೀರಿನಾಗ ನೂಲು ಬಿಟ್ಟು, ಕೈ ಇಡಲಿಕ್ಕ ಆಗದಂಥ ಬಿಸಿ ಬರೂದ್ರಾಗ ಸಂಜಿ ಆಗಬೇಕು."

ಬರುತ್ತೀಯಾ ಎಂದು ಕೇಳಿದೆ. ಕೂಡಲೆ ಹೂಂ ಅನ್ನಲಿಲ್ಲ. "ನಿಮ್ಮ ಅಪ್ಪ ನನ್ನ ಕಳಿಸೂಮುಂದ ಅತ್ತಿದ್ದರು," ಅಂದ. "ಅವರು ಕೆಟ್ಟವರಲ್ಲ. ಡಬ್ಬಿ ಬಂತು, ಏನು ಮಾಡ್ತಾರ?" ಆಮೇಲೆ ಒಳಗೆ ಹೋಗಿ ಕಸಬರಿಗೆ ಇಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ. ಹೆಂಡತಿ ತೀರಿಕೊಂಡಿದ್ದಳು, ಹೇಳಿ ಬರಬೇಕಾದವರು ಯಾರೂ ಇರಲಿಲ್ಲ.

ಅವನು ನಮ್ಮ ಹಿತ್ತಲಿಗೆ ಕಾಲಿಟ್ಟಾಗ ಫುಪ್ಪು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಆದರೆ ಒಳಗೆ ಹೋಗಲಿಲ್ಲ.

"ಈ ಸಲ ಲಡಿ ಗೋಡಿ ಮ್ಯಾಲ ಇಡಂಗಿಲ್ಲ," ಅಂದಳು. "ನಾನೂ ನಿಂತು ನೋಡ್ತೇನಿ."

"ನೋಡ್ರಿ ಅಮ್ಮಾ. ಇನ್ನ ಯಾರಿಗೆ ಮುಚ್ಚಿಡೋದದ?" ಎಂದ ಅವನು.

ಭಟ್ಟಿ ಕಾಕಾ ಬೆಂಕಿ ಕಾಯುವುದನ್ನು ನೋಡಬೇಕು. ದೊಡ್ಡ ಕಟ್ಟಿಗೆ ಮುಟ್ಟಲಿಲ್ಲ. ತೊಗರಿ ಕಡ್ಡಿಯನ್ನು ನಾಲ್ಕು ನಾಲ್ಕೇ ಸರಿಸುತ್ತ, ಉರಿ ಎದ್ದರೆ ಬೂದಿ ಎಳೆಯುತ್ತ, ನಡುನಡುವೆ ನೀರಿನಲ್ಲಿ ಕೈ ಅದ್ದಿ ನೋಡುತ್ತ ಕೂತ. ಎಣ್ಣೆ ಕುಡಿಸಿ ಉಳಿದಿದ್ದ ನೂಲು ಮಧ್ಯಾಹ್ನದವರೆಗೆ ಬೆಳ್ಳಗೇ ಇತ್ತು. ಹೊತ್ತು ಇಳಿಯುತ್ತಿದ್ದಂತೆ ಮೊದಲು ಗುಲಾಬಿ, ಆಮೇಲೆ ಇಟ್ಟಿಗೆ, ಸಂಜೆಗೆ ಹಣ್ಣಾದ ಮೆಣಸಿನಕಾಯಿಯ ಕೆಂಪು. ಸೌಳು ನೀರಿನಲ್ಲಿ ಹಾಕಿ ತಿಕ್ಕಿದೆವು, ನೀರು ತಿಳಿಯಾಗೇ ಇತ್ತು. ಫುಪ್ಪು ಲಡಿಯನ್ನು ಮುಖಕ್ಕೆ ಒತ್ತಿಕೊಂಡಳು.

ನೇಕಾರಣ್ಣ ಆ ನೂಲಿನಲ್ಲಿ ಮೊದಲ ಸೆರಗು ನೇಯ್ದ. ಸಾವಕಾರರು ಬಂದು ಬೆರಳಿನಿಂದ ತಿಕ್ಕಿ, ಎಂಜಲು ಹಚ್ಚಿ ತಿಕ್ಕಿ ನೋಡಿ, ಮದುವೆಯ ಹಂಗಾಮಿಗೆಂದು ದೊಡ್ಡ ಗಂಟು ನೂಲು ಕಳಿಸಿದರು. ಇಡೀ ಓಣಿಗೆ ಕೆಲಸವಾಗುವಷ್ಟು. ನಾವು ಮತ್ತೆ ಎಣ್ಣೆ ಕಡೆದೆವು. ಓಣಿಯ ಹೆಂಗಸರೂ ನಾದಲು ಬಂದರು. ಒಂದು ತಿಂಗಳು ನಮ್ಮ ಅಂಗಳ ಮದುವೆ ಮನೆಯಂತಿತ್ತು. ಕಾಕಾ ಮತ್ತು ನಾನು ಎರಡು ಸಲ ಮಾದನಹಿಪ್ಪರಗಾಕ್ಕೆ ಹೋಗಿ ಬೇರು ಅಗೆದು ತಂದೆವು. ಅವನ ಕೆಮ್ಮು ಕಡಿಮೆಯಾಗಿದೆ ಎಂದು ನನಗೆ ಅನ್ನಿಸುತ್ತಿತ್ತು.

ಎಣ್ಣೆ ಕುಡಿಸುವುದು ಮುಗಿಯುತ್ತ ಬಂದಾಗ ಸಾವಕಾರರು ಹೇಳಿಕಳಿಸದೆ ತಾವೇ ಬಂದರು. ಹಗ್ಗದ ಮೇಲೆ ಒಣಗುತ್ತಿದ್ದ ಲಡಿಗಳನ್ನು ನೋಡಿ, "ಇನ್ನೂ ಬಣ್ಣ ಹಾಕಿಲ್ಲಲ್ಲ, ಛಲೋ ಆತು," ಅಂದರು.

"ಯಾಕ್ರಿ ಸಾವಕಾರ್ರ?"

"ಗಿರಣಿ ನೂಲೆಲ್ಲ ಫೌಜಿನ ಬಟ್ಟಿಗೆ ಹೊಂಟದ. ಪ್ಯಾಟ್ಯಾಗ ನೂಲೇ ಇಲ್ಲ. ಸೀರಿ ಮಾಡಿ ಮಾರೋದಕ್ಕಿಂತ ಬರೇ ನೂಲಿಗೇ ಈಗ ಹೆಚ್ಚು ದರ ಅದ. ಇದನ್ನ ತೊಳದು ಒಣಗಿಸಿಡು. ವಾರದಾಗ ಗಾಡಿ ಕಳಸ್ತೇನಿ."

"ಎಣ್ಣಿ ಕುಡದದ್ರಿ. ತೊಳದ್ರ ಹೋಗಂಗಿಲ್ಲ."

"ಎಷ್ಟು ಹೋಗ್ತದೋ ಅಷ್ಟು ತೊಳಿ. ನನ್ನ ಮ್ಯಾಲ ಸಿಟ್ಟಾಗಬ್ಯಾಡಪ್ಪ. ದರ ಬೊಂಬಾಯಿಯಾಗ ಆಗ್ತದ. ನಾನೂ ನಿನ್ನಂಗ ಕೇಳಾಂವ."

ಅವರು ಸುಳ್ಳು ಹೇಳುತ್ತಿರಲಿಲ್ಲ. ನೂಲು ಅವರದು, ನಮ್ಮದಲ್ಲ. ಒಂದು ಲಡಿಯನ್ನು ಬಿಸಿ ಸೌಳು ನೀರಿಗೆ ಹಾಕಿ ಜೋರಾಗಿ ತಿಕ್ಕಿ ನೋಡಿದೆ. ಎಣ್ಣೆ ಅರ್ಧಂಬರ್ಧ ಬಿಟ್ಟಿತು, ಎಳೆ ಎಳೆದರೆ ತುಂಡಾಯಿತು. ಫುಪ್ಪು ನೋಡುತ್ತ ಕೂತಿದ್ದಳು. ತುಂಡಾದ ಎಳೆಗಳನ್ನು ನನ್ನ ಕೈಯಿಂದ ಇಸಿದುಕೊಂಡು ಒಳಗೆ ಹೋದಳು.

ಮರುದಿನ ನೇಕಾರಣ್ಣ ಬಂದ. ಓಣಿಯ ಮಗ್ಗಗಳಿಗೆ ಆಗಲೇ ಹಾಸಿನ ನೂಲು ಹೂಡಿ ಕೂತಿದ್ದರು, ಕೆಂಪಿಗಾಗಿ ಕಾಯುತ್ತಿದ್ದರು. "ಗಾಡಿ ಬಂದು ಒಯ್ದರ ನಾವು ಮಗ್ಗ ಬಿಚ್ಚತೇವಿ ತಮ್ಮಾ," ಅಂದ. "ನಿನಗ ಹೀಂಗ ಮಾಡು, ಹಾಂಗ ಮಾಡು ಅಂತ ನಾ ಹೇಳಂಗಿಲ್ಲ."

ಭಟ್ಟಿ ಕಾಕಾ ಹಂಡೆಯ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದ. "ಕಟ್ಟಿಗಿ ಅದ, ನೀರದ, ಪುಡಿ ತೊಳದಿಟ್ಟೇನಿ," ಅಂದ. "ನೀ ಹೂಂ ಅಂದ್ರ ಹಚ್ಚತೇನಿ. ಬ್ಯಾಡಂದ್ರ ಜೇವರ್ಗಿಗೆ ಹೋಗ್ತೇನಿ."

ನಾನು ಬಹಳ ಲೆಕ್ಕ ಹಾಕಿದೆ ಎಂದು ಹೇಳಲಾರೆ. ನೂಲು ತೊಳೆದು ಕೊಟ್ಟರೆ ಹಾಳಾದ ನೂಲು ಸೊಲ್ಲಾಪುರದ ಪೇಟೆಗೆ ಹೋಗುತ್ತದೆ, ಓಣಿಗೆ ಏನೂ ಇಲ್ಲ. ಬಣ್ಣ ಹಾಕಿದರೆ ಓಣಿಗೆ ಒಂದು ಹಂಗಾಮು ಸಿಗುತ್ತದೆ, ಆದರೆ ಸಾವಕಾರರು ನನ್ನ ಹೊಸ್ತಿಲು ತುಳಿಯುವುದಿಲ್ಲ. ಹೂಂ ಅಂದೆ. ಕಾಕಾ ತಕ್ಷಣ ಬೆಂಕಿ ಹಚ್ಚಿದ. ಗಾಡಿ ಬರುವ ಮೊದಲು ಮುಗಿಸಬೇಕೆಂದು ದಿನವೂ ಬೆಳಗಿನಿಂದ ಸಂಜೆಯವರೆಗೆ ಹಂಡೆ ಏರಿಸಿದೆವು. ಅವಸರಕ್ಕೆ ಉರಿ ಹೆಚ್ಚಿಸು ಎಂದು ನಾನು ಒಮ್ಮೆ ಹೇಳಿದೆ. "ಅಷ್ಟೊಂದು ಮಾಡಿ ಇಲ್ಲಿ ಕೆಡಿಸಬ್ಯಾಡ," ಎಂದು ಕೈ ಅಡ್ಡ ಹಿಡಿದ. ಹೊಗೆಯಲ್ಲಿ ಅವನ ಕೆಮ್ಮು ತಿರುಗಿ ಬಂದಿತ್ತು. ಎದ್ದು ಹೋಗು ಎಂದರೆ ಹೋಗಲಿಲ್ಲ.

ಗಾಡಿಯ ಜತೆ ಸಾವಕಾರರೂ ಬಂದರು. ಅಂಗಳದಿಂದ ಹಿತ್ತಲವರೆಗೆ ಹಗ್ಗದ ಮೇಲೆ ಕೆಂಪು ಲಡಿಗಳು ತೂಗುತ್ತಿದ್ದವು. ನನ್ನ ಬದುಕಿನಲ್ಲಿ ಅಂಥ ಕೆಂಪನ್ನು ನಾನು ಮೊದಲೂ ಹಾಕಿರಲಿಲ್ಲ, ಆಮೇಲೂ ಹಾಕಲಿಲ್ಲ. ಅವರು ಒಂದು ಲಡಿ ಹಿಡಿದು ಸವರಿದರು. ಸಿಟ್ಟು ಮಾಡಲಿಲ್ಲ.

"ಓಣಿಗೆ ಹಾಕು. ನೇಯಲಿ," ಅಂದರು. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು, "ಇನ್ನ ಮ್ಯಾಲ ನಾ ನಿನಗ ನೂಲು ಕೊಡಂಗಿಲ್ಲಪ್ಪ," ಎಂದರು. ಖಾಲಿ ಗಾಡಿ ಅವರ ಹಿಂದೆ ಹೋಯಿತು.

ಆ ಹಂಗಾಮಿನಲ್ಲಿ ಓಣಿಯ ಎಲ್ಲ ಮಗ್ಗಗಳೂ ಆಡಿದವು. ಸೀರೆಗಳು ಹೋದವು. ಆಮೇಲೆ ನೂಲು ನಮಗಷ್ಟೇ ಅಲ್ಲ, ಯಾರಿಗೂ ಬರಲಿಲ್ಲ. ಸಾವಕಾರರೇ ಗಾದಿ ಸುತ್ತಿಟ್ಟು ಕಾಳಿನ ವ್ಯಾಪಾರಕ್ಕೆ ಇಳಿದರು. ಮಳೆಗಾಲ ಕಳೆಯುವ ಹೊತ್ತಿಗೆ ಭಟ್ಟಿ ಕಾಕಾ ಹಾಸಿಗೆ ಹಿಡಿದ. ದವಾಖಾನೆಯವರು ಎದೆಯಲ್ಲಿ ಏನೂ ಉಳಿದಿಲ್ಲ ಅಂದರು. ಅರಳೆಯ ದೂಳೋ ಹೊಗೆಯೋ ಅವರಿಗೂ ಗೊತ್ತಾಗಲಿಲ್ಲ. ಅವನ ಕೇರಿಯವರು ಜೇವರ್ಗಿಯಿಂದ ಬಂದು ಮಣ್ಣು ಮಾಡಿದರು. ಹೊರಗಿನ ಗಂಡಸರಿಗೆ ಮುಖ ತೋರಿಸದ ಫುಪ್ಪು ಅವತ್ತು ಓಣಿಯ ತುದಿಯವರೆಗೆ ಹೆಣದ ಹಿಂದೆ ನಡೆದಳು.

ನಾನು ಸೊಲ್ಲಾಪುರಕ್ಕೆ ಹೋಗಿ ಗಿರಣಿಯ ಬಣ್ಣದ ಖಾತೆಗೆ ಸೇರಿದೆ. ಅಲ್ಲಿ ಖಾಕಿ ಬಿಟ್ಟು ಬೇರೆ ಬಣ್ಣ ಇರಲಿಲ್ಲ. ತಾನುಗಟ್ಟಲೆ ಬಟ್ಟೆ ತಾನಾಗಿಯೇ ಉರುಳೆಗಳ ನಡುವೆ ಹಾದು ಖಾಕಿಯಾಗಿ ಹೊರಬೀಳುತ್ತಿತ್ತು. ಒದ್ದೆ ಬಟ್ಟೆಯ ಗಾಡಿ ತಳ್ಳುವುದು ನನ್ನ ಕೆಲಸ. ಫುಪ್ಪುವನ್ನು ಕರೆದೆ. "ಅಲ್ಲಿ ನನಗೇನು ಕೆಲಸ?" ಅಂದಳು, ಬರಲಿಲ್ಲ.

ಮರುವರ್ಷ ನೇಕಾರಣ್ಣ ಗಿರಣಿಯ ಬಾಗಿಲಿಗೆ ಬಂದ. ಮಗ್ಗ ಮಾರಿ ಬಂದಿದ್ದ. ಆಳು ಹಚ್ಚುವ ಜಾಬರನಿಗೆ ಹೇಳಿ ಅವನನ್ನು ನೇಯುವ ಖಾತೆಗೆ ಹಚ್ಚಿಸಿದೆ. ಮೊದಲ ದಿನ ಪಾಳಿ ಬಿಟ್ಟ ಮೇಲೆ ಇಬ್ಬರೂ ಗೇಟಿನ ಹೊರಗೆ ಚಹಾ ಕುಡಿಯುತ್ತ ನಿಂತೆವು. ಒಳಗಿನ ಸದ್ದಿಗೆ ಮುಚ್ಚಿದ್ದ ಅವನ ಕಿವಿ ಇನ್ನೂ ತೆರೆದಿರಲಿಲ್ಲ, ಜೋರಾಗಿ ಮಾತಾಡುತ್ತಿದ್ದ.

"ತಮ್ಮಾ, ನನಗ ಎರಡು ಮಗ್ಗ ಕೊಟ್ಟಾರ."

"ಹೌದಣ್ಣ. ಇಲ್ಲಿ ಮಗ್ಗ ಮಶೀನು ನಡಸ್ತದ, ಎಲ್ಲಾರಿಗೂ ಎರಡ."

"ಒಂದು ನಂದು ಅಂತ ತಿಳಕೊಂಡೆ. ಇನ್ನೊಂದು ಮಗ್ಗದಾಂವ ಬರ್ತಾನ ಅಂತ ಮುಂಜಾನಿಂದ ಹಾದಿ ನೋಡಿದೆ," ಅಂದ. "ಆಂವ ಎಲ್ಲಿ ಹೋದ?"

ಚಹಾ ಆರುತ್ತಿತ್ತು. ಕುಡಿ ಅಣ್ಣ, ಅಂದೆ.